1.ಸಿ4 ಆಡಿ ಟೂರ್ನಮೆಂಟ್ ಆಟ ಕಟ್ಟುವುದು ಹೇಗೆ? ಇಂಗ್ಲಿಷ್ ಓಪನಿಂಗ್‌ನ ಸಮಗ್ರ ಮಾರ್ಗದರ್ಶಿ

ಚೆಸ್ ಟೂರ್ನಮೆಂಟಿನಲ್ಲಿ ನಿಮಗೆ ಬಿಳಿ ಕಾಯಿ ಸಿಕ್ಕಿದೆ. ಎದುರಾಳಿ ಇ4 ಅಥವಾ ಡಿ4 ಬರುತ್ತದೆ ಅಂತ ತಯಾರಾಗಿ ಬಂದಿದ್ದಾರೆ. ನೀವು ಸಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು (ಇದೇ 1.ಸಿ4, ಇಂಗ್ಲಿಷ್ ಓಪನಿಂಗ್) ಗಡಿಯಾರ ಒತ್ತುತ್ತೀರಿ. ಆಟ ಈಗ ಬೇರೆ ದಾರಿ ಹಿಡಿಯುತ್ತದೆ.

ನಡುವಿನ ಇ, ಡಿ ಕಾಲಾಳುಗಳನ್ನು ಮೊದಲು ಮುಟ್ಟದೆ ಬದಿಯಿಂದ ಆಟ ಶುರು ಮಾಡುವುದಕ್ಕೆ ಫ್ಲ್ಯಾಂಕ್ ಓಪನಿಂಗ್ ಅಂತಾರೆ. ಸಿ4, ಕುದುರೆ ಎಫ್3, ಬಿ3, ಎಫ್4 ಎಲ್ಲವೂ ಈ ಗುಂಪಿನವೇ. ನಾನು ವರ್ಷಗಳಿಂದ ಆಡುತ್ತಿರುವುದು ಸಿ4. ಕ್ಲಬ್ ಮಟ್ಟದ ಆಟಗಾರರಿಗೆ ಇದಕ್ಕಿಂತ ಒಳ್ಳೆಯ ಫ್ಲ್ಯಾಂಕ್ ಓಪನಿಂಗ್ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಫ್4 ಆಡಿದರೆ ನಿಮ್ಮ ರಾಜನ ಬಾಗಿಲೇ ಸ್ವಲ್ಪ ತೆರೆದುಕೊಳ್ಳುತ್ತದೆ. ಸಿ4 ಆಡಿದರೆ ರಾಜನಿಗೆ ಏನೂ ಆಗುವುದಿಲ್ಲ.

ಓದುವಾಗ ಎದುರಿಗೊಂದು ಬೋರ್ಡ್ ಇಟ್ಟುಕೊಳ್ಳಿ. ಬರೀ ಕಣ್ಣಲ್ಲಿ ಓದಿದರೆ ಅರ್ಧ ತಪ್ಪಿಹೋಗುತ್ತದೆ.

ಹಂತ 1: ಸಿ4 ಯಾಕೆ ಅಂತ ಮೊದಲು ತಿಳಿದುಕೊಳ್ಳಿ

ಒಂದು ವಿಷಯ ತಲೆಯಲ್ಲಿ ಕೂರಬೇಕು. ಬದಿಯಿಂದ ಶುರು ಮಾಡಿದರೂ ಆಟ ನಡೆಯುವುದು ನಡುವಿನ ಮನೆಗಳಿಗಾಗಿಯೇ. ನೀವು ನಡುವನ್ನು ಬಿಟ್ಟುಕೊಟ್ಟಿಲ್ಲ, ಅಲ್ಲಿಗೆ ಹೋಗುವುದನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದೀರಿ ಅಷ್ಟೇ. ಸಿ4ರ ಕಾಲಾಳು ಡಿ5 ಮನೆಯನ್ನು ಕಾಯುತ್ತದೆ. ಸಿ3ರ ಕುದುರೆಯ ಕಣ್ಣೂ ಡಿ5ರ ಮೇಲೆಯೇ. ಜಿ2ರಲ್ಲಿ ಕೂತ ಒಂಟೆ ಎಚ್1ರಿಂದ ಎ8ರವರೆಗಿನ ಉದ್ದ ಓರೆ ಸಾಲಿನಲ್ಲಿ ಅದೇ ಡಿ5ನ್ನು ಹಾದು ಹೋಗುತ್ತದೆ. ಮೂರು ಕಾಯಿ, ಒಂದೇ ಮನೆ. ಇಂಗ್ಲಿಷ್ ಓಪನಿಂಗ್‌ನ ಮೊದಲ ಆರೇಳು ನಡೆಗಳು ಸುತ್ತುವುದೇ ಈ ಡಿ5ರ ಸುತ್ತ.

ಇಂಗ್ಲಿಷ್ ಅನ್ನುವ ಹೆಸರು ಬಂದಿದ್ದು ಇಂಗ್ಲೆಂಡಿನ ಹೊವರ್ಡ್ ಸ್ಟಾಂಟನ್ ಅವರಿಂದ. 1843ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಸೇಂಟ್ ಅಮಾಂ ವಿರುದ್ಧದ ಪಂದ್ಯದಲ್ಲಿ ಅವರು ಇದನ್ನು ಹಲವು ಸಲ ಆಡಿದರು. ದೂರದಿಂದ ನಡುವನ್ನು ಆಳುವ ಯೋಚನೆಗೆ ನಿಜವಾದ ಬಲ ಬಂದಿದ್ದು ಮಾತ್ರ 1924ರಲ್ಲಿ. ಎಂಟು ವರ್ಷದಿಂದ ಒಂದೂ ಆಟ ಸೋಲದಿದ್ದ ಆಗಿನ ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನು ನ್ಯೂಯಾರ್ಕ್ ಟೂರ್ನಮೆಂಟಿನಲ್ಲಿ ರಿಚರ್ಡ್ ರೆಟಿ ಸೋಲಿಸಿದರು, ಅದೂ ಕುದುರೆ ಎಫ್3ರಿಂದ ಶುರು ಮಾಡಿ. ಇದು ಹಳೆಯ ಕಾಲದ ಮಾತೂ ಅಲ್ಲ. 2024ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 11ನೇ ಆಟವನ್ನು ಗುಕೇಶ್ ಕುದುರೆ ಎಫ್3ರಿಂದ ಶುರು ಮಾಡಿ ಗೆದ್ದರು. 12ನೇ ಆಟವನ್ನು ಅವರ ಎದುರಾಳಿ ಡಿಂಗ್ ಲಿರೆನ್ ಸಿ4ರಿಂದ ಶುರು ಮಾಡಿ ಗೆದ್ದು ಪಂದ್ಯವನ್ನು ಸಮಕ್ಕೆ ತಂದರು.

ಹಂತ 2: ಆಟದ ಹಿಂದಿನ ದಿನ ಏನು ತಯಾರಿ?

ಇಪ್ಪತ್ತು ನಡೆಯ ಸಾಲುಗಳನ್ನು ಬಾಯಿಪಾಠ ಮಾಡಬೇಡಿ. ಸಿ4ಕ್ಕೆ ಬರುವ ಉತ್ತರಗಳನ್ನು ಮೂರು ಗುಂಪು ಮಾಡಿ: ಇ5, ಸಿ5, ಮತ್ತು ಇ6 ಆಡಿ ಡಿ5 ತಳ್ಳುವುದು. ಒಂದೊಂದಕ್ಕೂ ನಿಮ್ಮ ಮೊದಲ ಏಳು ನಡೆ ಮತ್ತು ಆಮೇಲಿನ ಒಂದು ಯೋಜನೆ ಗೊತ್ತಿದ್ದರೆ ಸಾಕು.

ಮೂರನೇ ಗುಂಪಿನಲ್ಲಿ ಒಂದು ವಿಶೇಷ ಇದೆ. 1.ಸಿ4 ಇ6 2.ಕುದುರೆ ಎಫ್3 ಡಿ5 ಆದಮೇಲೆ ನೀವು 3.ಡಿ4 ಆಡಿದರೆ ಆಟ ನೇರವಾಗಿ ಕ್ವೀನ್ಸ್ ಗ್ಯಾಂಬಿಟ್‌ಗೆ (ಬಿಳಿ ಡಿ4, ಸಿ4 ಎರಡೂ ಆಡುವ ಓಪನಿಂಗ್) ಹೋಗುತ್ತದೆ. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪಾಸ್ಕಿ ವಿರುದ್ಧದ 6ನೇ ಆಟದಲ್ಲಿ ಬಾಬಿ ಫಿಷರ್ ಮಾಡಿದ್ದು ಇದನ್ನೇ. ಹೆಚ್ಚುಕಡಿಮೆ ಜೀವನವಿಡೀ ಇ4 ಆಡಿದವರು ಆ ದಿನ ಸಿ4 ಆಡಿ, ಕ್ವೀನ್ಸ್ ಗ್ಯಾಂಬಿಟ್‌ಗೆ ತಿರುಗಿಸಿ ಗೆದ್ದರು. ಆಟ ಮುಗಿದಾಗ ಸೋತ ಸ್ಪಾಸ್ಕಿಯೇ ಚಪ್ಪಾಳೆ ತಟ್ಟಿದರು. ಹಾಗಾಗಿ ಡಿ4 ಆಟಗಳ ಪರಿಚಯ ಸ್ವಲ್ಪವಾದರೂ ಇರಲಿ. ಪರಿಚಯ ಇಲ್ಲ ಅಂದರೆ ಡಿ4 ಬಿಟ್ಟು 3.ಜಿ3 ಆಡಿ, ಒಂಟೆಯನ್ನು ಜಿ2ಕ್ಕೆ ತಂದು, ಬಿ3 ಆಡಿ ಇನ್ನೊಂದು ಒಂಟೆಯನ್ನು ಬಿ2ಕ್ಕೆ ಇಡಿ. ಅದೂ ಗಟ್ಟಿ ದಾರಿಯೇ.

ಹಂತ 3: ಮೊದಲ ಆರು ನಡೆ, ಆದರೆ ಕೈ ತಾನೇ ಆಡಬಾರದು

ನಮ್ಮ ಸಾಮಾನ್ಯ ಜೋಡಣೆ: ಸಿ4, ಕುದುರೆ ಸಿ3, ಜಿ3, ಒಂಟೆ ಜಿ2, ಆಮೇಲೆ ಕುದುರೆ ಎಫ್3 ಮತ್ತು ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ಅವನ ಇನ್ನೊಂದು ಪಕ್ಕಕ್ಕೆ ಇಡುವುದು). ಸುಲಭ ಅಲ್ವಾ? ಅಪಾಯ ಇರುವುದೂ ಈ ಸುಲಭದಲ್ಲೇ. ಒಂದು ರ‍್ಯಾಪಿಡ್ ಟೂರ್ನಮೆಂಟಿನಲ್ಲಿ ಎದುರಾಳಿ 1...ಬಿ6 (ಮೂರು ಚುಕ್ಕಿ ಅಂದರೆ ಕಪ್ಪಿನ ನಡೆ) ಆಡಿದ್ದನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಅಭ್ಯಾಸದಂತೆ 2.ಜಿ3 ಆಡಿಬಿಟ್ಟೆ. ಅವರು ಒಂಟೆಯನ್ನು ಬಿ7ಕ್ಕೆ ಇಟ್ಟರು. ಆ ಒಂಟೆ ನೇರ ನನ್ನ ಎಚ್1ರ ಆನೆಯನ್ನು ನೋಡುತ್ತಿತ್ತು! ಕುದುರೆಯನ್ನು ಎಫ್3ಕ್ಕೆ ಅಡ್ಡ ಇಟ್ಟೆ. ಅವರು ಕುದುರೆಯನ್ನು ಹೊಡೆದರು, ನಾನು ಇ ಕಾಲಾಳಿನಿಂದ ವಾಪಸ್ ಹೊಡೆದೆ. ಎಫ್ ಸಾಲಿನಲ್ಲಿ ಎರಡು ಕಾಲಾಳು ಒಂದರ ಹಿಂದೊಂದು ನಿಂತವು, ಡಿ4 ಮನೆ ಕಾಯಲು ಕಾಲಾಳೇ ಇಲ್ಲದಾಯಿತು. ಆ ನೋವು ಕೊನೆಯವರೆಗೂ ಕಾಡಿತು. 1...ಬಿ6 ಬಂದರೆ ಜಿ3 ಮರೆತುಬಿಡಿ. 2.ಡಿ4 ಅಥವಾ 2.ಇ4 ಆಡಿ ನಡುವನ್ನೇ ತೆಗೆದುಕೊಳ್ಳಿ. ಎದುರಾಳಿ ಬಿಟ್ಟುಕೊಟ್ಟಾಗ ತೆಗೆದುಕೊಳ್ಳದೆ ಇರುವುದಕ್ಕೆ ಕಾರಣವೇ ಇಲ್ಲ.

ಪ್ರತಿ ನಡೆಗೆ ಮೊದಲು ನಾನು ಈಗ ಎರಡೇ ವಿಷಯ ನೋಡುತ್ತೇನೆ. ಅವರ ಕೊನೆಯ ನಡೆ ಯಾವ ಮನೆಯನ್ನು ಮುಟ್ಟಿತು? ಈಗ ಅವರು ಡಿ5 ಅಥವಾ ಇ4 ತಳ್ಳಿದರೆ ನನಗೇನಾಗುತ್ತದೆ? ಹತ್ತು ಸೆಕೆಂಡಿನ ಕೆಲಸ.

ಹಂತ 4: ಇ5 ಬಂದಾಗ

ನೀವು ಜಾಸ್ತಿ ನೋಡುವ ಉತ್ತರ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

1.ಸಿ4 ಇ5 2.ಕುದುರೆ ಸಿ3 ಕುದುರೆ ಎಫ್6 3.ಕುದುರೆ ಎಫ್3 ಕುದುರೆ ಸಿ6 4.ಜಿ3 ಡಿ5 5.ಸಿ ಕಾಲಾಳು ಡಿ5ನ್ನು ಹೊಡೆಯುತ್ತದೆ, ಕುದುರೆ ವಾಪಸ್ ಹೊಡೆಯುತ್ತದೆ 6.ಒಂಟೆ ಜಿ2.

ಬೋರ್ಡನ್ನು ನೋಡಿ. ಇದು ಬಣ್ಣ ತಿರುಗಿಸಿದ ಸಿಸಿಲಿಯನ್ ಡ್ರ್ಯಾಗನ್ (ಇ4ಕ್ಕೆ ಕಪ್ಪು ಸಿ5 ಆಡಿ, ಒಂಟೆಯನ್ನು ಜಿ7ಕ್ಕೆ ಇಡುವ ಓಪನಿಂಗ್), ನಿಮ್ಮ ಕೈಯಲ್ಲಿ ಒಂದು ನಡೆ ಹೆಚ್ಚಿದೆ. ನೀವು ಸಿ ಕಾಲಾಳನ್ನು ಕೊಟ್ಟು ಅವರ ಡಿ ಕಾಲಾಳನ್ನು ತೆಗೆದುಕೊಂಡಿದ್ದೀರಿ. ಅಂದರೆ ನಡುವಿನಲ್ಲಿ ನಿಮಗೆ ಡಿ, ಇ ಎರಡೂ ಇವೆ, ಅವರಿಗೆ ಇ ಒಂದೇ. ಜೊತೆಗೆ ಅರ್ಧ ತೆರೆದ, ಅಂದರೆ ನಿಮ್ಮ ಕಾಲಾಳಿಲ್ಲದ ಸಿ ಸಾಲು ನಿಮ್ಮ ಆನೆಗೆ ಕಾದಿದೆ. ಈ ಲಾಭ ಈಗ ಕಾಣುವುದಿಲ್ಲ, 30ನೇ ನಡೆಯ ಹೊತ್ತಿಗೆ ಕಾಣುತ್ತದೆ.

ಈಗ ಕಪ್ಪು ಕಾಯಿಯವರು ಸಾಮಾನ್ಯವಾಗಿ ಡಿ5ರ ಕುದುರೆಯನ್ನು ಬಿ6ಕ್ಕೆ ಹಿಂದೆ ತೆಗೆಯುತ್ತಾರೆ. ಯಾಕೆ ಅನ್ನುವುದು ಅವರು ಹಾಗೆ ಮಾಡದೆ ಸುಮ್ನೆ 6...ಒಂಟೆ ಇ7 ಆಡಿದಾಗ ತಿಳಿಯುತ್ತದೆ. ಆಗ 7.ಕುದುರೆ ಇ5ರ ಕಾಲಾಳನ್ನು ಹೊಡೆಯುತ್ತದೆ! ಸಿ6ರ ಕುದುರೆ ವಾಪಸ್ ಹೊಡೆದರೆ ಡಿ5ರ ಕುದುರೆಯನ್ನು ನೀವು ಹೊಡೆಯುತ್ತೀರಿ, ಒಂದು ಕಾಲಾಳು ಲಾಭ. ಚುರುಕಾದ ಎದುರಾಳಿ ಹಾಗೆ ಮಾಡದೆ ಮೊದಲು ಸಿ3ರ ಕುದುರೆಯನ್ನು ಹೊಡೆಯುತ್ತಾರೆ, ನಿಮ್ಮ ರಾಣಿಯ ಮೇಲೂ ಏಟು ಬಿದ್ದಿದೆ. ಇಲ್ಲಿ ಗಾಬರಿಯಾಗಬೇಡಿ. 8.ಒಂಟೆ ಸಿ6ರ ಕುದುರೆಯನ್ನು ಹೊಡೆದು ಚೆಕ್ ಕೊಡುತ್ತದೆ. ಬಿ ಕಾಲಾಳು ಒಂಟೆಯನ್ನು ಹೊಡೆಯುತ್ತದೆ. ಈಗ ಸಿ3ರ ಕುದುರೆಯನ್ನು ನೀವು ಡಿ ಕಾಲಾಳಿನಿಂದಲೇ ಹೊಡೆಯಬೇಕು. ಬಿ ಕಾಲಾಳಿನಿಂದ ಹೊಡೆದರೆ ಅವರ ರಾಣಿ ಡಿ5ಕ್ಕೆ ಬಂದು ಇ5ರ ಕುದುರೆಯನ್ನೂ ಎಚ್1ರ ಆನೆಯನ್ನೂ ಒಟ್ಟಿಗೆ ನೋಡುತ್ತದೆ. ಕುದುರೆ ಎಫ್3ಕ್ಕೆ ಹಿಂದಿರುಗಬೇಕಾಗುತ್ತದೆ, ಅವರ ಎರಡು ಒಂಟೆಗಳಿಗೆ ಜೀವ ಬರುತ್ತದೆ. ಡಿ ಕಾಲಾಳಿನಿಂದ ಹೊಡೆದರೆ ಆ ತೊಂದರೆ ಇಲ್ಲ. ರಾಣಿಗಳು ಬದಲಾದರೂ ಆಗಲಿ. ನಿಮ್ಮ ರಾಜ ಡಿ1ಕ್ಕೆ ಬರುತ್ತಾನೆ, ಒಂದು ಕಾಲಾಳು ಜಾಸ್ತಿ ಇದೆ, ಅವರ ಸಿ ಸಾಲಿನಲ್ಲಿ ಎರಡು ಕಾಲಾಳು ಒಂದರ ಹಿಂದೊಂದು ಸಿಕ್ಕಿಕೊಂಡಿವೆ.

ಅವರು ಸರಿಯಾಗಿ ಬಿ6ಕ್ಕೆ ಹೋದರು ಅನ್ನೋಣ. ಆಗ ಆಟ ಹೀಗೆ ಸಾಗಬಹುದು: 7.ಕ್ಯಾಸ್ಲಿಂಗ್ ಒಂಟೆ ಇ7 8.ಡಿ3 ಕ್ಯಾಸ್ಲಿಂಗ್ 9.ಎ3 ಒಂಟೆ ಇ6 10.ಬಿ4. ಬಿ4 ನೋಡಲು ಸುಮ್ನೆ ಬದಿಯಲ್ಲಿ ಕಾಲಾಳು ತಳ್ಳಿದ ಹಾಗೆ ಕಾಣುತ್ತದೆ. ಅದರ ಗುರಿ ಇರುವುದು ಇ5ರಲ್ಲಿ. ಮುಂದಿನ ನಡೆಗೆ ಬಿ5 ಬಂದರೆ ಸಿ6ರ ಕುದುರೆ ಓಡಬೇಕು. ಇ5ರ ಕಾಲಾಳನ್ನು ಕಾಯುತ್ತಿದ್ದುದು ಅದೇ ಕುದುರೆ! ಹಾಗಾಗಿ ಅವರು ಜಾಸ್ತಿ ಸಲ ಎಫ್6 ಆಡಿ ಇ5ಕ್ಕೆ ಆಸರೆ ಕೊಡುತ್ತಾರೆ. ಈಗ ನಿಮ್ಮ ಸಿ3ರ ಕುದುರೆ ಇ4ಕ್ಕೆ, ಅಲ್ಲಿಂದ ಸಿ5ಕ್ಕೆ ಹೋಗಬಹುದು. ಒಂಟೆ ಇ3ಕ್ಕೆ ಬಂದು ಅದಕ್ಕೆ ಬೆನ್ನು ಕೊಡುತ್ತದೆ, ಎ1ರ ಆನೆ ಸಿ1ಕ್ಕೆ ಬರುತ್ತದೆ. ಸಿ5ರಲ್ಲಿ ಗಟ್ಟಿಯಾಗಿ ಕೂತ ಕುದುರೆ ಬಿ7ನ್ನೂ ಇ6ನ್ನೂ ಕಾಡುತ್ತದೆ.

ಎಲ್ಲರೂ ಡಿ5 ಆಡುವುದಿಲ್ಲ. ಕೆಲವರು ಡಿ6, ಜಿ6, ಒಂಟೆ ಜಿ7 ಅಂತ ಮುಚ್ಚಿದ ಆಟ ಕಟ್ಟುತ್ತಾರೆ. ಆಗ ಎ1ರ ಆನೆಯನ್ನು ಬಿ1ಕ್ಕೆ ಇಟ್ಟು ಬಿ4, ಬಿ5 ತಳ್ಳಿ. ಬಿ5 ಬಿದ್ದ ಕೂಡಲೇ ಸಿ6ರ ಕುದುರೆ ಜಾಗ ಬಿಡುತ್ತದೆ, ಜಿ2ರ ಒಂಟೆಗೆ ಬಿ7ರವರೆಗೆ ದಾರಿ ತೆರೆಯುತ್ತದೆ. ಇದೇ ಹೊತ್ತಿಗೆ ಅವರು ಇನ್ನೊಂದು ಬದಿಯಲ್ಲಿ ಎಫ್5, ಎಫ್4 ಅಂತ ನಿಮ್ಮ ರಾಜನ ಮೇಲೆ ಬರುತ್ತಾರೆ. ನೋಡಿದರೆ ಹೆದರಿಕೆಯಾಗುವುದು ಸಹಜ. ನಿಮ್ಮ ಇ3 ಕಾಲಾಳು ಎಫ್4ನ್ನೂ ಡಿ4ನ್ನೂ ಕಾಯುತ್ತಿದ್ದರೆ ಅವರ ದಾಳಿಗೆ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನೀವು ರಾಣಿಯ ಬದಿಯಲ್ಲಿ ಒಳಗೆ ಹೊಕ್ಕಿರಬೇಕು. ಅರ್ಧಕ್ಕೆ ನಿಲ್ಲಿಸಿ ಸುಮ್ಮನೆ ರಕ್ಷಣೆಗೆ ಓಡಿಬಂದರೆ ಎರಡೂ ಕಡೆ ಕೆಡುತ್ತದೆ.

ಹಂತ 5: ಸಿ5 ಬಂದಾಗ

ಎದುರಾಳಿ ಕನ್ನಡಿಯ ಹಾಗೆ ಆಡುತ್ತಾರೆ: ಸಿ5, ಕುದುರೆ ಸಿ6, ಜಿ6, ಒಂಟೆ ಜಿ7. ಬೇಸರದ ಆಟ ಅಂತ ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೊದಲ ನಡೆ ನಿಮ್ಮದು, ಹಾಗಾಗಿ ಕನ್ನಡಿ ಒಡೆಯುವ ಹಕ್ಕೂ ನಿಮ್ಮದೇ. 5.ಎ3 ಆಡಿ, ಬಿ4 ತಳ್ಳುವ ಬೆದರಿಕೆ ಇಡಿ. ಅದನ್ನು ತಡೆಯಲು ಅವರು ಎ5 ಆಡಿದರೆ ಬಿ5 ಮನೆಯನ್ನು ಕಾಯುವ ಎ ಕಾಲಾಳು ಅವರಿಗಿಲ್ಲ. ನಿಮ್ಮ ಕುದುರೆಗೆ ಅದೊಂದು ಒಳ್ಳೆಯ ಮನೆ. ಇನ್ನೊಂದು ದಾರಿ, ಕುದುರೆಯನ್ನು ಎಫ್3ಕ್ಕೆ ತಂದು, ಕ್ಯಾಸ್ಲಿಂಗ್ ಮಾಡಿ, ಡಿ4 ತಳ್ಳುವುದು.

ಇ4, ಡಿ3, ಇ2ರಲ್ಲಿ ಕುದುರೆ ಇಟ್ಟು ಆಡುವ ಬೊಟ್ವಿನ್ನಿಕ್ ಜೋಡಣೆಯೂ ಇದೆ. ಚೆನ್ನಾಗಿದೆ, ಆದರೆ ಡಿ4 ಮನೆಯಲ್ಲಿ ಶಾಶ್ವತ ರಂಧ್ರ ಬೀಳುತ್ತದೆ. ಸಿ5ರ ಕಾಲಾಳಿನ ಆಸರೆಯಲ್ಲಿ ಅವರ ಕುದುರೆ ಅಲ್ಲಿ ಬಂದು ಕೂತರೆ ಎಬ್ಬಿಸುವುದು ಕಷ್ಟ. ಹಾಗಾಗಿ ಸಿ5 ವಿರುದ್ಧ ಇದನ್ನು ಮೊದಲ ಟೂರ್ನಮೆಂಟಿಗೇ ತರಬೇಡಿ.

ಹಂತ 6: ರಾಜನನ್ನು ನಡುವಿನಲ್ಲಿ ಬಿಡಬೇಡಿ

ಫ್ಲ್ಯಾಂಕ್ ಓಪನಿಂಗ್ ನಿಧಾನದ್ದು ಅಂತ ನೀವೂ ನಿಧಾನ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ 1970ರ ಒಂದು ಆಟ ಸಾಕು. ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟ ಮತ್ತು ಉಳಿದ ಜಗತ್ತಿನ ನಡುವೆ ಪಂದ್ಯ. ಮೊದಲ ಬೋರ್ಡಿನಲ್ಲಿ ಬೆಂಟ್ ಲಾರ್ಸೆನ್, ಎದುರಿಗೆ ಆಗಿನ ವಿಶ್ವ ಚಾಂಪಿಯನ್ ಬೋರಿಸ್ ಸ್ಪಾಸ್ಕಿ.

ಲಾರ್ಸೆನ್ 1.ಬಿ3ರಿಂದ ಶುರು ಮಾಡಿ ಒಂಟೆಯನ್ನು ಬಿ2ಕ್ಕೆ ಇಟ್ಟು ಸಿ4 ಆಡಿದರು. 4ನೇ ನಡೆಗೆ ಕುದುರೆ ಎಫ್3ಕ್ಕೆ ಬಂತು. ಸ್ಪಾಸ್ಕಿ ಕೂಡಲೇ ಇ4 ತಳ್ಳಿದರು. ಕುದುರೆ ಡಿ4ಕ್ಕೆ ಹೋಯಿತು, ಅಲ್ಲಿಂದ ಸಿ6ರ ಕುದುರೆಯನ್ನು ಹೊಡೆದು ತಾನೂ ಹೋಯಿತು. ಒಂದೇ ಕುದುರೆಗೆ ಮೂರು ನಡೆ ಖರ್ಚು. ಅಷ್ಟರಲ್ಲಿ ಸ್ಪಾಸ್ಕಿಯ ಎರಡೂ ಒಂಟೆ ಹೊರಬಂದವು, 9ನೇ ನಡೆಗೆ ರಾಣಿಯ ಬದಿಗೆ ಕ್ಯಾಸ್ಲಿಂಗ್ ಆಯಿತು. ಲಾರ್ಸೆನ್ 10ನೇ ನಡೆಗೆ ಎಫ್4 ಆಡಿದರು. ರಾಜ ಇನ್ನೂ ಇ1ರಲ್ಲೇ, ಬಿ1ರ ಕುದುರೆ ಇನ್ನೂ ಎದ್ದೇ ಇಲ್ಲ.

ಸ್ಪಾಸ್ಕಿಯ ಕುದುರೆ ಜಿ4ಕ್ಕೆ ಬಂತು, ಆಮೇಲೆ ಎಚ್ ಕಾಲಾಳು ಎಚ್5, ಎಚ್4. ಲಾರ್ಸೆನ್ ಜಿ4ರ ಕುದುರೆಯನ್ನು ಹೊಡೆದರು. ಸ್ಪಾಸ್ಕಿಯ ಎಚ್ ಕಾಲಾಳು ಜಿ3ನ್ನು ಹೊಡೆಯಿತು. ಆನೆ ಜಿ1ಕ್ಕೆ ಬಂತು. ಆಗ 14ನೇ ನಡೆಗೆ ಸ್ಪಾಸ್ಕಿಯ ಆನೆ ಎಚ್8ರಿಂದ ನೇರ ಎಚ್1ಕ್ಕೆ ಬಂದು ಕೂತಿತು, ಹೊಡೆಯಿರಿ ಅಂತ. ಹೊಡೆದರೆ ಕಾಲಾಳು ಜಿ2ಕ್ಕೆ ಬರುತ್ತದೆ, ರಾಣಿ ಎಚ್4ರಲ್ಲಿ ಚೆಕ್ ಕೊಡುತ್ತದೆ. 17 ನಡೆಗೆ ಆಟ ಮುಗಿಯಿತು. ಈ ಆಟವನ್ನು ಬೋರ್ಡಿನ ಮೇಲೆ ಒಮ್ಮೆ ಕೈಯಾರೆ ಆಡಿ ನೋಡಿ. ಇ4 ಕಾಲಾಳು ಬಿಳಿಯ ಉಸಿರು ಹಿಡಿದದ್ದು ಆಗ ತಿಳಿಯುತ್ತದೆ.

ನಮ್ಮ ಸಿ4 ಆಟದಲ್ಲೂ ಇ5ರ ಕಾಲಾಳು ಇ4ಕ್ಕೆ ಬಂದು ಎಫ್3ರ ಕುದುರೆಯನ್ನು ಒದೆಯುವುದು ಸಾಮಾನ್ಯ. ಕುದುರೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ, ಮತ್ತು 8ನೇ ನಡೆಯೊಳಗೆ ಕ್ಯಾಸ್ಲಿಂಗ್ ಮುಗಿಸಿ. ಇದರಲ್ಲಿ ರಾಜಿ ಬೇಡ.

ಹಂತ 7: ಗಡಿಯಾರ, ಸ್ಕೋರ್‌ಶೀಟ್, ಕೈ

90 ನಿಮಿಷ ಮತ್ತು ನಡೆಗೆ 30 ಸೆಕೆಂಡ್ ಇರುವ ಆಟದಲ್ಲಿ ಮೊದಲ ಹತ್ತು ನಡೆಗೆ ನಾನು ಹದಿನೈದು ನಿಮಿಷ ದಾಟುವುದಿಲ್ಲ. ಉಳಿಸಿದ್ದನ್ನು ಒಂದೇ ಕಡೆ ಖರ್ಚು ಮಾಡುತ್ತೇನೆ. ನಡುವಿನಲ್ಲಿ ಕಾಲಾಳಿಗೆ ಕಾಲಾಳು ತಾಗುವ ಹೊತ್ತು ಅದು. ಡಿ4 ತಳ್ಳಲೇ, ಕಾಯಲೇ? ಹೊಡೆಯಲೇ, ಹಾಗೇ ಬಿಡಲೇ? ಅಲ್ಲಿ ಹತ್ತು ನಿಮಿಷ ಕೂತರೂ ನಷ್ಟ ಇಲ್ಲ.

ನಿಯಮಗಳಲ್ಲಿ ಕೆಲವನ್ನು ಹೊಸಬರು ಮರೆಯುತ್ತಾರೆ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕ್ಯಾಸ್ಲಿಂಗ್‌ನಲ್ಲಿ ಮೊದಲು ರಾಜ, ಆಮೇಲೆ ಆನೆ, ಒಂದೇ ಕೈಯಲ್ಲಿ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು. ನಡೆಯನ್ನು ಆಡುವ ಮೊದಲೇ ಬರೆದಿಡುವಂತಿಲ್ಲ. ಡ್ರಾ ಕೇಳುವುದಾದರೆ ನಡೆ ಆಡಿ, ಕೇಳಿ, ಆಮೇಲೆ ಗಡಿಯಾರ ಒತ್ತಿ. ಫೋನ್ ಆಟದ ಜಾಗಕ್ಕೇ ತರಬೇಡಿ.

ಹಂತ 8: ಗೆಲ್ಲಲೇಬೇಕಾದ ದಿನ

ಕೊನೆಯ ಸುತ್ತು, ಗೆದ್ದರೆ ಮಾತ್ರ ಬಹುಮಾನ. ಅಂಥ ದಿನ ಸಿ4 ಆಡಬಹುದಾ? ಧಾರಾಳವಾಗಿ ಆಡಿ. 1987ರಲ್ಲಿ ಸ್ಪೇನಿನ ಸೆವಿಯ್ಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಗಿನ ಚಾಂಪಿಯನ್ ಕಾಸ್ಪರೋವ್‌ಗೆ 24ನೇ, ಕೊನೆಯ ಆಟ ಗೆಲ್ಲಲೇಬೇಕಿತ್ತು. ಡ್ರಾ ಆದರೂ ಪಟ್ಟ ಎದುರಾಳಿ ಕಾರ್ಪೋವ್‌ಗೆ ಹೋಗುತ್ತಿತ್ತು. ದಾಳಿಗೆ ಹೆಸರಾದ ಕಾಸ್ಪರೋವ್ ಆ ದಿನ ಆಡಿದ್ದು ಸಿ4, ಜಿ3, ಬಿ3. ಎರಡೂ ಒಂಟೆಗಳನ್ನು ಬದಿಯಲ್ಲಿ ಇಟ್ಟು, ಬೇಗ ಕಾಯಿ ಬದಲಾಯಿಸದೆ, ಎದುರಾಳಿಗೆ ಪ್ರತಿ ನಡೆಯಲ್ಲೂ ಒಂದು ಸಣ್ಣ ಪ್ರಶ್ನೆ ಇಡುತ್ತಾ ಹೋದರು. 64ನೇ ನಡೆಗೆ ಕಾರ್ಪೋವ್ ಸೋಲೊಪ್ಪಿದರು. ಪಂದ್ಯ 12-12 ಆಗಿ ಪಟ್ಟ ಕಾಸ್ಪರೋವ್ ಹತ್ತಿರವೇ ಉಳಿಯಿತು.

ಗೆಲ್ಲಬೇಕು ಅಂದ ಕೂಡಲೇ ಮೊದಲ ಹದಿನೈದು ನಡೆಯಲ್ಲೇ ಹೊಡೆದಾಟ ಬೇಕಿಲ್ಲ. ಕಾಯಿಗಳು ಬೋರ್ಡಿನ ಮೇಲೆ ಜಾಸ್ತಿ ಇದ್ದಷ್ಟೂ ತಪ್ಪಿಗೆ ಜಾಗ ಜಾಸ್ತಿ. ಕಾಯಿಗಳು ಕಡಿಮೆಯಾಗಿ ಆಟ ಕೊನೆಯ ಘಟ್ಟಕ್ಕೆ ಬಂದಾಗ ಹಿಂದೆ ಹೇಳಿದ ಎರಡು ಲಾಭ ನೆನಪಿರಲಿ: ಸಿ ಸಾಲಿನ ಆನೆ, ನಡುವಿನ ಒಂದು ಹೆಚ್ಚಿನ ಕಾಲಾಳು. ಮೊದಲು ಆನೆ ಸಿ7ಕ್ಕೆ ಇಳಿಯಬಹುದಾ ನೋಡಿ. ಡಿ4 ತಳ್ಳುವುದು ಅದಾದ ಮೇಲೆ.

ಹಂತ 9: ಆಟ ಮುಗಿದ ಮೇಲೆ

ಕೂಡಲೇ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ತೆರೆಯಬೇಡಿ. ಎದುರಾಳಿ ಒಪ್ಪಿದರೆ ಆಟದ ಕೋಣೆಯಿಂದ ಹೊರಗೆ ಬಂದು ಅವರ ಜೊತೆ ಕೂತು ಆಟವನ್ನು ಒಮ್ಮೆ ತಿರುಗಿ ನೋಡಿ. ನೀವು ಹೆದರಿದ ನಡೆಯನ್ನು ಅವರು ನೋಡಿಯೇ ಇರಲಿಲ್ಲ ಅಂತ ಎಷ್ಟೋ ಸಲ ಆಗ ಗೊತ್ತಾಗುತ್ತದೆ. ಆಮೇಲೆ ಸ್ಕೋರ್‌ಶೀಟಿನಲ್ಲಿ ಒಂದೇ ಒಂದು ನಡೆಗೆ ಗೆರೆ ಎಳೆಯಿರಿ: ನಡು ತೆರೆದುಕೊಂಡ ನಡೆ. ಅದನ್ನು ತೆರೆದದ್ದು ನೀವಾ, ಅವರಾ ಅಂತ ಪಕ್ಕದಲ್ಲಿ ಬರೆಯಿರಿ. ಹತ್ತು ಆಟ ಆದಮೇಲೆ ಆ ಹತ್ತು ಶೀಟುಗಳನ್ನು ಸಾಲಾಗಿ ಇಟ್ಟು ನೋಡಿ. ಅವರು ಅಂತ ಬರೆದದ್ದು ಆರಕ್ಕಿಂತ ಜಾಸ್ತಿ ಇದ್ದರೆ 4ನೇ ಹಂತದಿಂದ ಇನ್ನೊಮ್ಮೆ ಬೋರ್ಡ್ ಇಟ್ಟುಕೊಂಡು ಕೂರಿ.